ದೂರದ ಎದುರಾಳಿಯೊಡನೆ ಯುದ್ಧದಾಟ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಲ್ಲಿ ನೆಲೆಸಿರುವ ನಮ್ಮ ಮಿತ್ರರೊಬ್ಬರು, ಬಹುಕಾಲ ಉಪಾಧ್ಯಾಯರಾಗಿದ್ದು ಈಗ ವಿಶ್ರಾಂತರಾಗಿರುವವರು, ಕೆಲವು ದಿನಗಳ ಕೆಳಗೆ ನಮ್ಮನ್ನು ಒಂದು ವಿಷಯದಲ್ಲಿ ಸಲಹೆ ಕೇಳಿದರು. ಅವರ ಮಗನ ಸಂಸಾರವು ಕ್ಯಾಲಿಫೋರ್ನಿಯದಲ್ಲಿದೆ. ಮೊಮ್ಮಗನಿಗೆ ಹದಿನಾಲ್ಕು ವರ್ಷ. ವಾರಕ್ಕೊಮ್ಮೆ ಫೋನಿನಲ್ಲಿ ಮುಖ ನೋಡಿ ಮಾತನಾಡುವುದುಂಟು. ಆದರೆ "ಊಟವಾಯಿತೇನಪ್ಪಾ?" "ಆಯಿತು ತಾತ" ಎಂಬಲ್ಲಿಗೆ ಮಾತು ಮುಗಿದು, ಫೋನು ಹುಡುಗನ ತಾಯಿಯ ಕೈಗೆ ಹೋಗಿಬಿಡುವುದು. ಹೀಗಿರಲು ಈಚೆಗೆ ಆ ಹುಡುಗನು ತಾನಾಗಿಯೇ, "ತಾತ, ಕಂಪ್ಯೂಟರಿನಲ್ಲಿ ಹಳೆಯ ಕಾಲದ ಯುದ್ಧಗಳ ಆಟಗಳಿವೆ. ನೀವು ಅಲ್ಲಿಂದ, ನಾನು ಇಲ್ಲಿಂದ ಆಡೋಣವೆ?" ಎಂದು ಕೇಳಿದನಂತೆ. ನಮ್ಮ ಮಿತ್ರರಿಗೆ ಚದುರಂಗ ಚೆನ್ನಾಗಿ ಬರುವುದು. ಇತಿಹಾಸವನ್ನು ಮೂವತ್ತು ವರ್ಷ ಪಾಠ ಹೇಳಿದವರು. ಆದರೂ ಯಾವ ಆಟವನ್ನು ಕೊಳ್ಳಬೇಕೆಂಬುದು ತಿಳಿಯದೆ, "ತಪ್ಪಾದುದನ್ನು ಆರಿಸಿದರೆ ಹತ್ತು ದಿನಕ್ಕೆ ಹುಡುಗನಿಗೆ ಬೇಸರವಾಗುತ್ತದೆ. ಅವನು ಎರಡನೆಯ ಸಲ ಕೇಳುವುದಿಲ್ಲ" ಎಂದರು. ಈ ಮಾತು ನಮ್ಮ ಮನಸ್ಸಿಗೆ ನಾಟಿತು.

ಇಂತಹ ಮನೆಗಳು ಈಗ ನಮ್ಮ ಕಡೆ ವಿರಳವಲ್ಲ. ೨೦೦೮ನೆಯ ಇಸವಿಯಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ಮೇಲೆ, ಮಕ್ಕಳನ್ನು ಕಡಲಾಚೆಗೆ ಕಳುಹಿಸಿ ಹಿಂದಿರುಗುವ ತಾಯಿತಂದೆಗಳನ್ನು ಆ ದಾರಿಯಲ್ಲಿ ದಿನವೂ ಕಾಣುತ್ತೇವೆ. ಆದುದರಿಂದ ನಮ್ಮ ಮಿತ್ರರಿಗೆ ಹೇಳಿದ ವಿಷಯಗಳನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತೇವೆ.

ಯುದ್ಧವನ್ನು ಹಲಗೆಯ ಮೇಲೆ ಇಳಿಸಿ ಆಡುವುದು ನಮಗೆ ಹೊಸದಲ್ಲ. ಆನೆ, ಕುದುರೆ, ರಥ, ಪದಾತಿಗಳ ಚತುರಂಗ ಬಲವೇ ಚದುರಂಗವಾಯಿತೆಂಬುದನ್ನು ಎಲ್ಲರೂ ಬಲ್ಲರು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಬಗೆಯ ಆಟಗಳಲ್ಲಿ ಎಷ್ಟು ಆಸಕ್ತರಾಗಿದ್ದರೆಂದರೆ, ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೆಂಬ ಒಂದು ಇಡೀ ಭಾಗವು ಆಟಗಳಿಗೇ ಮೀಸಲಾಗಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಮನೆಗಳನ್ನು ಬರೆಯಿಸಿರುವುದನ್ನು ನೋಡಬಹುದು. ಯೂರೋಪಿನಲ್ಲಿ ೧೮೨೪ರಲ್ಲಿ ಪ್ರಷ್ಯಾ ದೇಶದ ರೈಸ್‌ವಿಟ್ಜ್ ಎಂಬ ಸೈನ್ಯಾಧಿಕಾರಿಯು ಭೂಪಟದ ಮೇಲೆ ಆಡುವ ಯುದ್ಧದಾಟವನ್ನು ತನ್ನ ಸೈನ್ಯಕ್ಕೆ ಕಲಿಸಿದನು. ಅದರಲ್ಲಿ ಒಂದು ವಿಶೇಷವಿತ್ತು. ಎರಡು ಪಕ್ಷದವರ ನಡುವೆ ಒಬ್ಬ ಮಧ್ಯಸ್ಥನಿರುವನು. ಶತ್ರುವಿನ ದಂಡು ಎಲ್ಲಿದೆಯೆಂಬುದು ಬೇಹಿನವರ ಕಣ್ಣಿಗೆ ಬಿದ್ದಷ್ಟು ಮಾತ್ರವೇ ಆಟಗಾರನಿಗೆ ತಿಳಿಯುವುದು. ಈಗ ಆ ಮಧ್ಯಸ್ಥನ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. ಇನ್ನು ದೂರದವರೊಡನೆ ಆಡುವ ಪದ್ಧತಿಯೂ ಹಳೆಯದೇ. ಕಾರ್ಡಿನಲ್ಲಿ ಒಂದು ನಡೆಯನ್ನು ಬರೆದು ಕಳುಹಿಸಿ, ಉತ್ತರಕ್ಕಾಗಿ ವಾರಗಟ್ಟಲೆ ಕಾಯುತ್ತಿದ್ದ ಅಂಚೆ ಚದುರಂಗದವರು ಹಿಂದೆ ಅನೇಕರಿದ್ದರು. ನಡೆಯ ಕೆಳಗೆ ನಾಲ್ಕು ಸಾಲು ಕುಶಲಪ್ರಶ್ನೆಗೂ ಆ ಕಾರ್ಡಿನಲ್ಲಿ ಸ್ಥಳವಿರುತ್ತಿತ್ತು. ನಮ್ಮ ಮಿತ್ರರಿಗೆ ಬೇಕಾಗಿರುವುದು ಆ ನಾಲ್ಕು ಸಾಲುಗಳೇ.

ಆಟವನ್ನು ಆರಿಸುವಾಗ ಮೊದಲು ನೋಡಬೇಕಾದುದು ಚಿತ್ರದ ಅಂದವನ್ನಲ್ಲ, ಗಡಿಯಾರವನ್ನು. ಕ್ಯಾಲಿಫೋರ್ನಿಯವು ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದಿದೆ, ಬೇಸಗೆಯಲ್ಲಿ ಹನ್ನೆರಡೂವರೆ. ಮಧುರೆಯಲ್ಲಿ ಬೆಳಗಿನ ಆರು ಗಂಟೆಯಾದಾಗ ಅಲ್ಲಿ ಹಿಂದಿನ ದಿನದ ಸಂಜೆ ನಾಲ್ಕೂವರೆ. ತಾತನು ಹಾಲು ಕಾಯಿಸುವ ಹೊತ್ತಿಗೆ ಮೊಮ್ಮಗನು ಶಾಲೆಯಿಂದ ಬಂದು ಚೀಲ ಬಿಸುಟಿರುತ್ತಾನೆ. ಇಬ್ಬರಿಗೂ ಕೂಡಿಬರುವ ಒಂದು ಗಂಟೆ ದೊರೆತರೂ, ಅದೇ ಗಂಟೆಗೆ ಹಳ್ಳಿಯಲ್ಲಿ ವಿದ್ಯುತ್ತು ಇರಬೇಕು, ಇಂಟರ್ನೆಟ್ಟು ಇರಬೇಕು, ಅಲ್ಲಿ ಹುಡುಗನಿಗೆ ಕಾಲ್ಚೆಂಡಿನ ಅಭ್ಯಾಸ ಇರಬಾರದು.

ದೂರದವರೊಡನೆ ಆಡುವ ಯುದ್ಧದಾಟಗಳು ಈ ದೃಷ್ಟಿಯಿಂದ ಮೂರು ತೆರನಾಗಿವೆ. ಕೆಲವಲ್ಲಿ ಕಾಲವು ನಿಲ್ಲದೆ ಓಡುತ್ತಲೇ ಇರುವುದು. ಇಬ್ಬರೂ ಏಕಕಾಲದಲ್ಲಿ ಕುಳಿತು, ಯಾರ ಕೈ ಚುರುಕೋ ಅವರು ಗೆಲ್ಲುವರು. ಕೆಲವಲ್ಲಿ ಚದುರಂಗದಂತೆ ಒಬ್ಬರ ಸರದಿಯಾದ ಮೇಲೆ ಇನ್ನೊಬ್ಬರದು. ನಿಮ್ಮ ಸರದಿಯನ್ನು ಈ ರಾತ್ರಿ ಆಡಿ ಕಳುಹಿಸಿದರೆ ಎದುರಾಳಿಯು ತನಗೆ ಬಿಡುವಾದಾಗ ತೆರೆದು ನೋಡಿ ತನ್ನದನ್ನು ಕಳುಹಿಸುವನು. ಮೂರನೆಯ ಬಗೆ ಸ್ವಾರಸ್ಯವಾದುದು. ಅದರಲ್ಲಿ ಇಬ್ಬರೂ ಗುಟ್ಟಾಗಿ ಅಪ್ಪಣೆಗಳನ್ನು ಬರೆದಿಡುವರು. ಕಂಪ್ಯೂಟರು ಎರಡನ್ನೂ ಒಟ್ಟಿಗೆ ನಡೆಸಿ, ಏನಾಯಿತೆಂಬುದನ್ನು ಇಬ್ಬರಿಗೂ ತೋರಿಸುವುದು. ೨೦೦೦ದಲ್ಲಿ ಹೊರಟ 'ಕಾಂಬ್ಯಾಟ್ ಮಿಷನ್' ಎಂಬ ಆಟವು ಈ ಪದ್ಧತಿಯಿಂದ ಹೆಸರಾಯಿತು. ಎರಡನೆಯ ಮಹಾಯುದ್ಧದ ಕಾಳಗದಲ್ಲಿ ಅರವತ್ತು ಸೆಕೆಂಡಿಗೊಂದು ಸರದಿ. ಅಪ್ಪಣೆ ಕೊಟ್ಟ ಮೇಲೆ ಆ ಒಂದು ನಿಮಿಷದಲ್ಲಿ ತನ್ನ ಸೈನಿಕರು ಏನು ಮಾಡಿಕೊಂಡರೂ ಸೇನಾಪತಿಯು ಕೈಕಟ್ಟಿ ನೋಡಬೇಕು. ಎರಡನೆಯ ಮತ್ತು ಮೂರನೆಯ ಬಗೆಗಳನ್ನು ಈ-ಮೇಲಿನ ಮೂಲಕವಾಗಲಿ, ಆಟದ ಸಂಸ್ಥೆಯವರ ಸರ್ವರಿನ ಮೂಲಕವಾಗಲಿ ಆಡಬಹುದು. ಸಾಗರಗಳ ಅಂತರವುಳ್ಳ ಮನೆಯವರಿಗೆ ಇವೆರಡೇ ತಕ್ಕವು. ಮೊದಲನೆಯ ಬಗೆಯಲ್ಲಿ ಅರವತ್ತೆಂಟರ ತಾತನಿಗೂ ಹದಿನಾಲ್ಕರ ಹುಡುಗನಿಗೂ ಸರಿಜೋಡಿಯಾಗುವ ಸಂಭವವೇ ಇಲ್ಲ.

ಗಡಿಯಾರವಾದ ಮೇಲೆ ನೋಡಬೇಕಾದುದು ಚರಿತ್ರೆಯನ್ನು. 'ಚಾರಿತ್ರಿಕ' ಎಂದು ಮುಖಪತ್ರದಲ್ಲಿ ಬರೆದುಕೊಂಡ ಮಾತ್ರಕ್ಕೆ ಆಟವು ಚಾರಿತ್ರಿಕವಾಗುವುದಿಲ್ಲ. ಇದನ್ನು ಪರೀಕ್ಷಿಸಲು ನಮ್ಮ ಮಿತ್ರರಿಗೆ ಒಂದು ಸುಲಭೋಪಾಯವನ್ನು ಹೇಳಿದೆವು: ಆ ಆಟವು ಎತ್ತುಗಳನ್ನು ಎಣಿಸುತ್ತದೆಯೆ ಎಂದು ನೋಡಿ! ಅವರು ನಕ್ಕರು. ಆದರೆ ನಮ್ಮ ಜಿಲ್ಲೆಯ ನೆಲದ ಮೇಲೆಯೇ ನಡೆದ ೧೭೯೧ರ ಸಮಾಚಾರವನ್ನು ನೆನೆಸಿಕೊಂಡರೆ ಇದು ನಗುವ ಮಾತಲ್ಲ.

ಆ ವರ್ಷ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಟಿಪ್ಪೂ ಸುಲ್ತಾನನ ಮೇಲೆ ದಂಡೆತ್ತಿ, ಕೋಲಾರ ಹೊಸಕೋಟೆಗಳ ಮೇಲಿಂದ ಬಂದು ಮಾರ್ಚಿ ೫ರಂದು ಬೆಂಗಳೂರಿನ ಮುಂದೆ ಇಳಿದನು. ೭ನೆಯ ತಾರೀಖು ಪೇಟೆಯು ಬಿದ್ದಿತು. ೨೧ರ ರಾತ್ರಿ ಕೋಟೆಗೆ ಲಗ್ಗೆಯಾಯಿತು. ಕಿಲ್ಲೇದಾರ ಬಹಾದೂರ್ ಖಾನನು ಹೋರಾಡುತ್ತ ಮಡಿದನು. ಇಷ್ಟಾದ ಕೂಡಲೆ ಗೆದ್ದವನು ಶ್ರೀರಂಗಪಟ್ಟಣಕ್ಕೆ ನುಗ್ಗಿದನೆಂದು ನೀವು ಊಹಿಸಿದರೆ ಅದು ಆಟದ ಯುದ್ಧವಾಗುತ್ತದೆ. ನಿಜವಾದ ಯುದ್ಧದಲ್ಲಿ ಅವನು ೨೮ರಂದು ಬೆನ್ನು ತಿರುಗಿಸಿ ಉತ್ತರಕ್ಕೆ, ದೇವನಹಳ್ಳಿ ಚಿಕ್ಕಬಳ್ಳಾಪುರಗಳ ಕಡೆಗೆ ಹೊರಟನು. ನಿಜಾಮನ ರಾವುತರನ್ನು ಕೂಡಿಕೊಳ್ಳಬೇಕಾಗಿತ್ತು. ದಂಡಿಗೆ ದಿನಸಿ ಬೇಕಾಗಿತ್ತು. ದೇವನಹಳ್ಳಿಯ ಕೋಟೆಯು ಅವನ ವಶವಾದುದು ಆಗಲೇ. ಮೇ ತಿಂಗಳಲ್ಲಿ ಅಂತೂ ಶ್ರೀರಂಗಪಟ್ಟಣದ ಕಡೆ ನಡೆದು, ೧೫ರಂದು ಅರಕೆರೆಯ ಬಳಿ ಟಿಪ್ಪುವಿನ ದಂಡನ್ನು ಸೋಲಿಸಿ ಹಿಂದಕ್ಕಟ್ಟಿದನು. ಕಾಳಗವನ್ನು ಗೆದ್ದನು. ಆದರೆ ಮೇವಿಲ್ಲದೆ ಎತ್ತುಗಳು ಸತ್ತು ಬಿದ್ದಿದ್ದವು, ಟಿಪ್ಪುವು ದಾರಿಯ ಮೇವನ್ನೆಲ್ಲ ಸುಡಿಸಿದ್ದನು, ಉಳಿದ ದನಕ್ಕೆ ರೋಗ ಹಿಡಿಯಿತು, ಮಳೆ ಹೊಯ್ಯಿತು. ಕೋಟೆ ಒಡೆಯಲು ತಂದಿದ್ದ ಹಿರಿಯ ಫಿರಂಗಿಗಳನ್ನು ಎಳೆಯುವವರಿಲ್ಲದೆ ತಾನೇ ಒಡೆಸಿ ನಾಶಮಾಡಿ, ಗೆದ್ದ ಸೇನಾಪತಿಯು ಬಂದ ದಾರಿಗೆ ಹಿಂದಿರುಗಬೇಕಾಯಿತು.

ಇದಕ್ಕಿಂತಲೂ ವಿಚಿತ್ರವಾದ ಸಂಗತಿ ಮುಂದಿದೆ. ಹಿಂದಿರುಗುವ ದಾರಿಯಲ್ಲಿ ಮೇಲುಕೋಟೆಯ ಬಳಿ ಕುದುರೆ ಸವಾರರ ದೊಡ್ಡದೊಂದು ಗುಂಪು ಕಾಣಿಸಿತು. ಟಿಪ್ಪುವಿನವರೆಂದು ಭಾವಿಸಿ ಇಂಗ್ಲಿಷರು ಕಾಳಗಕ್ಕೆ ಅಣಿಯಾದರು. ನೋಡಿದರೆ ಅವರು ತಮ್ಮ ಮಿತ್ರರಾದ ಮರಾಠರೇ! ಹರಿಪಂತ, ಪರಶುರಾಮ ಭಾವೂ ಇವರ ದಂಡು ಇಷ್ಟು ಹತ್ತಿರಕ್ಕೆ ಬಂದಿದ್ದರೂ ಕಾರ್ನ್‌ವಾಲಿಸನಿಗೆ ಒಂದು ಅಕ್ಷರದ ಸುದ್ದಿಯೂ ಇರಲಿಲ್ಲ. ಏಕೆಂದರೆ ಟಿಪ್ಪುವಿನ ಹಗುರ ಸವಾರರು ಓಲೆಕಾರರನ್ನು ನಡುದಾರಿಯಲ್ಲೇ ಹಿಡಿದುಬಿಟ್ಟಿದ್ದರು. ಕೆಲವು ದಿನ ಮೊದಲು ಆ ಓಲೆ ತಲಪಿದ್ದರೆ ಫಿರಂಗಿಗಳು ಉಳಿಯುತ್ತಿದ್ದವೇನೋ. ಮರಾಠರ ಬಜಾರಿನಲ್ಲಿ ದಿನಸಿ ದೊರೆಯಿತು. ಬೆಲೆ ಮಾತ್ರ ಬಲು ಹೆಚ್ಚು. ಇತ್ತ ಮೈಸೂರಿನ ದಂಡಿನ ಚುರುಕಿಗೆ, ಚಿಕ್ಕದೇವರಾಜರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದುಬಂದ, ಟಿಪ್ಪುವು ಅಮೃತಮಹಲೆಂದು ಹೆಸರಿಟ್ಟ ರಾಸುಗಳೇ ಬಹುಮಟ್ಟಿಗೆ ಕಾರಣವೆಂಬುದನ್ನು ನಮ್ಮ ರೈತ ವಾಚಕರು ಹೆಮ್ಮೆಯಿಂದ ನೆನೆಯಬಹುದು.

ಆದುದರಿಂದ ಒಳ್ಳೆಯ ಯುದ್ಧದಾಟದಲ್ಲಿ ಎರಡು ಗುಣಗಳನ್ನು ಹುಡುಕಬೇಕು. ದಂಡಿನ ಸರಬರಾಯಿಯ ಲೆಕ್ಕವಿರಬೇಕು. ಎದುರಾಳಿಯ ದಂಡು ಪೂರ್ತಿಯಾಗಿ ಕಾಣಿಸದೆ ಇರಬೇಕು. ಇವೆರಡೂ ಇಲ್ಲದಿದ್ದರೆ ಅರಕೆರೆಯಲ್ಲಿ ಗೆದ್ದವನೇ ಶ್ರೀರಂಗಪಟ್ಟಣವನ್ನೂ ಗೆದ್ದನೆಂದು ಆಟವು ಹೇಳಿಬಿಡುವುದು.

ಈಗ ಹೆಸರುಳ್ಳ ಕೆಲವು ಆಟಗಳನ್ನು ನೋಡೋಣ. ಕನ್ನಡಿಗರಿಗೆ ಮೊದಲು ಕಣ್ಣಿಗೆ ಬೀಳುವುದು ೨೦೦೯ರಲ್ಲಿ ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿಯವರು ಹೊರಡಿಸಿದ 'ಎಂಪೈರ್: ಟೋಟಲ್ ವಾರ್'. ಅದರ ಭೂಪಟದಲ್ಲಿ ಹಿಂದೂಸ್ತಾನವಿದೆ, ಮೈಸೂರೂ ಇದೆ. ಆದರೆ ಮರಾಠರ ಗದ್ದುಗೆಯನ್ನು ಹಿಡಿದು ಆಡಲು ಅವಕಾಶವಿರುವಂತೆ ಮೈಸೂರಿನದನ್ನು ಹಿಡಿಯಲು ಅದು ಹೊರಟ ರೂಪದಲ್ಲಿ ಅವಕಾಶವಿಲ್ಲ. ಆಟವು ಆರಂಭವಾಗುವ ೧೭೦೦ರಲ್ಲಿ ಮೈಸೂರನ್ನು ಆಳುತ್ತಿದ್ದವರು ಚಿಕ್ಕದೇವರಾಜ ಒಡೆಯರೆಂಬುದನ್ನು ಬಲ್ಲವರಿಗೆ ಇದು ಸ್ವಲ್ಪ ಕಹಿಯಾದ ಮಾತು. ಕಾಳಗಗಳು ನಿಲ್ಲದ ಕಾಲದವು. ನೋಡಲು ಬಲು ಸೊಗಸು. ನಮ್ಮ ಮಿತ್ರರಿಗೆ ಬೇಡವೆಂದೆವು.

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ 'ಯೂರೋಪ ಯೂನಿವರ್ಸಾಲಿಸ್'ನ ನಾಲ್ಕನೆಯ ಆಟವು ೨೦೧೩ರಲ್ಲಿ ಬಂದಿತು. ಇದು ೧೪೪೪ರಿಂದ ಆರಂಭವಾಗುತ್ತದೆ. ವಿಜಯನಗರವನ್ನಾಗಲಿ ಬಹಮನಿಯನ್ನಾಗಲಿ ನೀವೇ ಆಳಬಹುದು. ವಿಜಯನಗರದಲ್ಲಿ ಆಗ ಪ್ರೌಢದೇವರಾಯನ ಕಾಲ. ಪರ್ಷಿಯದ ಅಬ್ದುರ್ ರಜಾಕನು ಆ ಪಟ್ಟಣವನ್ನು ಕಂಡು ಬೆರಗಾದುದು ಅದರ ಹಿಂದಿನ ವರ್ಷವೇ. ಇದರಲ್ಲಿ ನಾವು ಮೆಚ್ಚಿದ ಗುಣವೊಂದುಂಟು. ಒಂದೊಂದು ಸೀಮೆಯು ಇಷ್ಟು ದಂಡನ್ನು ಮಾತ್ರ ಸಾಕಬಲ್ಲದೆಂಬ ಲೆಕ್ಕವಿದೆ. ಅದನ್ನು ಮೀರಿ ದಂಡನ್ನು ತುಂಬಿದರೆ ಯುದ್ಧವಿಲ್ಲದೆಯೇ ಆಳುಗಳು ಕರಗುವರು. ಎತ್ತಿನ ಪರೀಕ್ಷೆಯಲ್ಲಿ ಇದು ತೇರ್ಗಡೆಯಾಯಿತು. ಗಡಿಯಾರದ ಪರೀಕ್ಷೆಯಲ್ಲಿ ಮಾತ್ರ ಬಿದ್ದಿತು. ಕಾಲವನ್ನು ತಡೆದು ನಿಲ್ಲಿಸಬಹುದಾದರೂ ಇಬ್ಬರೂ ಒಟ್ಟಿಗೆ ಕುಳಿತೇ ಆಡಬೇಕು, ಅದೂ ಅನೇಕ ಭಾನುವಾರಗಳು. ಐದನೆಯ ಆಟವು ೨೦೨೫ರಲ್ಲಿ ಹೊರಬಂದು ೧೩೩೭ರಿಂದ, ಎಂದರೆ ವಿಜಯನಗರವು ಹುಟ್ಟಿತೆಂದು ನಂಬುವ ವರ್ಷದ ಮರುವರ್ಷದಿಂದ, ಆರಂಭವಾಗುತ್ತದೆ. ಹುಡುಗನು ಬೇಸಗೆಯ ರಜೆಗೆ ಊರಿಗೆ ಬಂದಾಗ ಒಂದೇ ಜಗಲಿಯಲ್ಲಿ ಕುಳಿತು ಆಡುವುದಾದರೆ ಇವು ಸೊಗಸಾದ ಆಟಗಳು.

ಇದಕ್ಕೆ ತೀರ ವಿರುದ್ಧವಾದುದು 'ವಾರ್ ಇನ್ ದಿ ಪೆಸಿಫಿಕ್'. ಅದರ ವಿಸ್ತರಿಸಿದ ರೂಪವು ೨೦೦೯ರದು. ಬರ್ಮಾದ ರಣರಂಗವೂ ಸೇರಿ ಪೂರ್ವದ ಮಹಾಯುದ್ಧವೆಲ್ಲ ಅದರಲ್ಲಿದೆ. ಒಂದು ದಿನಕ್ಕೆ ಒಂದು ಸರದಿಯಂತೆ ಆಡುವವರು ೧೯೪೧ರ ಡಿಸೆಂಬರಿನಿಂದ ೧೯೪೫ರ ಸೆಪ್ಟೆಂಬರಿನವರೆಗೆ ಆಡಬೇಕಾದರೆ ಸಾವಿರದ ಮುನ್ನೂರ ಅರವತ್ತಕ್ಕೆ ಮೇಲ್ಪಟ್ಟು ಸರದಿಗಳಾಗುವುವು. ದಿನಕ್ಕೊಂದರಂತೆ ತಪ್ಪದೆ ಆಡಿದರೂ ಮೂರು ಮುಕ್ಕಾಲು ವರ್ಷ! ಹಡಗು ಹಡಗಿಗೂ ಎಣ್ಣೆಯ ಲೆಕ್ಕ. ಇಷ್ಟು ಕಾಲ ಬಿಡದೆ ಆಡುವ ಜೋಡಿಗಳೂ ಲೋಕದಲ್ಲಿವೆ. ಅವರ ತಾಳ್ಮೆಗೆ ನಮಸ್ಕಾರ. ಹದಿನಾಲ್ಕರ ಹುಡುಗನು ಆ ಆಟ ಮುಗಿಯುವ ವೇಳೆಗೆ ಕಾಲೇಜಿಗೆ ಹೋಗುತ್ತಿರುವನು.

ನಾವು ಕೊನೆಗೆ ಸೂಚಿಸಿದುದು ೨೦೧೭ರಲ್ಲಿ ಹೊರಟ 'ಫೀಲ್ಡ್ ಆಫ್ ಗ್ಲೋರಿ'ಯ ಎರಡನೆಯ ಆಟ. ಮೇಜಿನ ಮೇಲೆ ಗೊಂಬೆ ಸೈನಿಕರನ್ನಿಟ್ಟು ಆಡುವ ನಿಯಮಗಳನ್ನು ಬರೆದಿದ್ದ ರಿಚರ್ಡ್ ಬಾಡ್ಲಿ ಸ್ಕಾಟ್ ಎಂಬವರೇ ಅದನ್ನು ಕಂಪ್ಯೂಟರಿಗೆ ತಂದರು. ಪ್ರಾಚೀನ ಕಾಲದ ದಂಡುಗಳು. ಆನೆಗಳುಳ್ಳ ಭಾರತದ ಸೈನ್ಯವೂ ಅದರಲ್ಲಿದೆ. ಚೌಕಗಳ ಹಾಸು, ಒಬ್ಬರ ನಂತರ ಒಬ್ಬರ ಸರದಿ. ಚದುರಂಗ ಬಲ್ಲವರಿಗೆ ಒಂದು ಸಂಜೆಯಲ್ಲಿ ಗುರುತು ಸಿಗುವುದು. ಸರದಿಯು ಸಂಸ್ಥೆಯವರ ಸರ್ವರಿನ ಮೂಲಕ ಹೋಗಿ ಬರುವುದರಿಂದ ಕಡತಗಳನ್ನು ಕಟ್ಟಿ ಕಳುಹಿಸುವ ತೊಂದರೆಯಿಲ್ಲ. ಒಂದು ಕಾಳಗವು ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೈದು ಸರದಿಗಳಲ್ಲಿ ಮುಗಿಯುವುದು. ದಿನಕ್ಕೊಂದು ಸರದಿಯೆಂದರೆ ಹುಣ್ಣಿಮೆಗೆ ತೊಡಗಿದ ಕಾಳಗವು ಮುಂದಿನ ಹುಣ್ಣಿಮೆಯ ಹೊತ್ತಿಗೆ ತೀರ್ಮಾನವಾಗುತ್ತದೆ. ಇದರಲ್ಲಿ ದಂಡು ಎಂಬುದು ಕೈಗೊಂಬೆಯಲ್ಲ: ಶತ್ರುವನ್ನು ಮುರಿದ ರಾವುತರು ನಿಮ್ಮ ಮಾತು ಕೇಳದೆ ಓಡುವವರ ಬೆನ್ನಟ್ಟಿ ಹೋಗಿಬಿಡುವರು, ಪಕ್ಕದವರು ಚದುರಿದರೆ ಒಳ್ಳೆಯ ಕಾಲಾಳೂ ಎದೆಗೆಡುವುದು. ಎತ್ತಿನ ಲೆಕ್ಕ ಇದರಲ್ಲಿಲ್ಲ, ಒಂದು ದಿನದ ಕಾಳಗ ಮಾತ್ರವೇ ಇದೆ. ಈ ಕೊರತೆಯನ್ನು ನಾವು ಮರೆಮಾಚುವುದಿಲ್ಲ. ಅದು ಬೇಕೆನಿಸಿದ ದಿನ, ೧೯೯೮ರಲ್ಲಿ ನಾರ್ಮ್ ಕೋಗರ್ ಎಂಬವರು ರಚಿಸಿ ಈಗ ನಾಲ್ಕನೆಯ ರೂಪಕ್ಕೆ ಬಂದಿರುವ 'ದಿ ಆಪರೇಷನಲ್ ಆರ್ಟ್ ಆಫ್ ವಾರ್'ಗೆ ಹೋಗಬಹುದು. ಸರಬರಾಯಿಯ ದಾರಿಯನ್ನು ಕಡಿದು ಶತ್ರುವನ್ನು ಒಣಗಿಸುವ ವಿದ್ಯೆಯೇ ಅದರ ಜೀವಾಳ. ಸಣ್ಣ ಪ್ರಸಂಗಗಳಿಂದ ಮೊದಲಾಗಿ ಮಹಾಯುದ್ಧಗಳವರೆಗೆ ಅದರಲ್ಲಿವೆ, ಈ-ಮೇಲಿನಲ್ಲಿ ಆಡಬಹುದು. ಆದರೆ ಕಲಿಯಲು ತಿಂಗಳುಗಳು ಬೇಕು.

"ನಮ್ಮ ದೇವನಹಳ್ಳಿ, ನಮ್ಮ ನಂದಿಯ ಕೋಟೆ ಯಾವುದರಲ್ಲೂ ಇಲ್ಲವಲ್ಲ!" ಎಂದು ಮಿತ್ರರು ಕೊರಗಿದರು. ಅದಕ್ಕೆ ತಾತನೇ ಇರಬೇಕಾದುದು. ೧೭೪೯ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಹೈದರನೆಂಬ ಸಾಮಾನ್ಯ ಸವಾರನು ಮೊದಲು ದೊರೆಗಳ ಕಣ್ಣಿಗೆ ಬಿದ್ದುದು, ೧೭೯೧ರ ಅಕ್ಟೋಬರಿನಲ್ಲಿ ಯಾರೂ ಹತ್ತಲಾರರೆಂದಿದ್ದ ನಂದಿಯ ಬೆಟ್ಟಕ್ಕೆ ಫಿರಂಗಿಯನ್ನು ಎಳೆದು ಏರಿಸಿದುದು, ಇವನ್ನು ಯಾವ ಸಂಸ್ಥೆಯವರೂ ಹುಡುಗನಿಗೆ ಹೇಳರು. ವಿಲ್ಕ್ಸನು ತನ್ನ ಮೈಸೂರಿನ ಇತಿಹಾಸದಲ್ಲಿ ಬರೆದಿರುವ ಇನ್ನೊಂದು ಸಂಗತಿಯು ದೊಡ್ಡಬಳ್ಳಾಪುರದ್ದೇ: ತಂದೆಯು ಸತ್ತ ಮೇಲೆ, ಬಾಲಕನಾದ ಹೈದರನನ್ನೂ ಅವನ ಅಣ್ಣನನ್ನೂ ಅಲ್ಲಿನ ಅಧಿಕಾರಿ ಅಬ್ಬಾಸ್ ಕುಲೀ ಖಾನನು ಹಣಕ್ಕಾಗಿ ನಗಾರಿಯೊಳಗಿಟ್ಟು ಬಿಗಿದು ಹಿಂಸೆಪಡಿಸಿದನಂತೆ. ಹೈದರನು ೧೭೬೧ರಲ್ಲಿ ಅದೇ ಊರನ್ನು ಗೆದ್ದುಕೊಂಡಾಗ ಆ ಖಾನನು ಮದ್ರಾಸಿಗೆ ಓಡಿಹೋದನು. ತನ್ನ ತಾತನು ಶನಿವಾರ ಶನಿಮಹಾತ್ಮನ ಜಾತ್ರೆಯ ಗುಂಪನ್ನು ತಪ್ಪಿಸಿಕೊಂಡು ಬಸ್ಸು ಹತ್ತಿ ಹೋಗುವ ಊರಿನಲ್ಲಿ ಹೀಗೆ ನಡೆಯಿತೆಂದು ತಿಳಿದ ಹುಡುಗನು ಮುಂದಿನ ಪ್ರಶ್ನೆಯನ್ನು ಕೇಳದೆ ಇರಲಾರನು. ಸರದಿಯೊಡನೆ ಇಂತಹ ನಾಲ್ಕು ಸಾಲನ್ನು ಬರೆದು ಕಳುಹಿಸಬೇಕು; ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು. ಓದಲು ಬಾರದಿದ್ದರೆ ಅವನ ತಂದೆ ಓದಿ ಹೇಳಲಿ.

ಖರ್ಚಿನ ವಿಷಯ ಹೆಚ್ಚಿಲ್ಲ. ಆಟವನ್ನು ಇಬ್ಬರೂ ಬೇರೆಬೇರೆಯಾಗಿ ಕೊಳ್ಳಬೇಕು, ಇಬ್ಬರಲ್ಲೂ ಒಂದೇ ಆವೃತ್ತಿಯಿರಬೇಕು. ವರ್ಷದಲ್ಲಿ ಕೆಲವು ಸಲ ಬೆಲೆ ಇಳಿಯುವುದರಿಂದ ಅವಸರ ಬೇಡ. ಹೆಚ್ಚಿನ ಭಾಗಗಳನ್ನು ಮೊದಲ ದಿನವೇ ಕೊಳ್ಳಕೂಡದು. ಮನೆಯ ಹೆಂಗಸರು, 'ಆನ್‌ಲೈನ್ ಆಟ'ವೆಂಬ ಮಾತನ್ನು ಕೇಳಿ ಹೆದರಿದರೆ ಅದು ನ್ಯಾಯವೇ. ಆ ಹೆಸರಿನಲ್ಲಿ ಮನೆಗಳು ಹಾಳಾಗಿವೆ. ಹಣವನ್ನು ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಪಾರ್ಲಿಮೆಂಟು ೨೦೨೫ರ ಆಗಸ್ಟಿನಲ್ಲಿ ಮಾಡಿತು. ನಾವು ಹೇಳುತ್ತಿರುವ ಆಟಗಳಲ್ಲಿ ಒಡ್ಡುವ ಹಣವೇ ಇಲ್ಲ. ಆದರೂ ಹುಡುಗನು ಗುರುತಿಲ್ಲದ ಎದುರಾಳಿಗಳೊಡನೆ ಆಡತೊಡಗಿದರೆ, ಅವರು ಯಾರೆಂಬುದನ್ನು ತಾಯಿತಂದೆಗಳು ವಿಚಾರಿಸಿಕೊಳ್ಳುವುದು ಯುಕ್ತ.

ಈ-ಮೇಲಿನಲ್ಲಿ ಆಡುವ ಹಳೆಯ ಆಟಗಳಲ್ಲಿ ಒಂದು ಕಳ್ಳದಾರಿಯುಂಟು. ಪಗಡೆಯ ದಾಳ ಕೆಟ್ಟದಾಗಿ ಬಿದ್ದರೆ, ಸರದಿಯನ್ನು ಕಳುಹಿಸದೆ ಮತ್ತೆ ಮೊದಲಿನಿಂದ ತೆರೆದು, ಅದೃಷ್ಟ ಒಲಿಯುವವರೆಗೆ ಆಡುವವರಿದ್ದಾರೆ. ಕೆಲವು ಆಟಗಳು ಇದನ್ನು ಗುರುತಿಸಿ ಎದುರಾಳಿಗೆ ತಿಳಿಸುವುವು. ಸರ್ವರಿನ ಮೂಲಕ ನಡೆಯುವವುಗಳಲ್ಲಿ ಈ ಅವಕಾಶ ಕಡಿಮೆ. ತಾತ ಮೊಮ್ಮಕ್ಕಳಲ್ಲಿ ಈ ಶಂಕೆ ಏಕೆಂದು ಕೇಳುವವರು, ಚೌಕಾಬಾರದಲ್ಲಿ ಕವಡೆಯನ್ನು ಮೆಲ್ಲಗೆ ತಿರುಗಿಸುವ ಅಜ್ಜಿಯರನ್ನು ಕಂಡಿಲ್ಲವೆಂದು ತೋರುತ್ತದೆ.

ಚರಿತ್ರೆಯ ಕಾಳಗಗಳಲ್ಲಿ ಎರಡು ಪಕ್ಷಗಳೂ ಸಮವಾಗಿರುವುದು ಅಪರೂಪ. ಆದುದರಿಂದ ಒಂದೇ ಕಾಳಗವನ್ನು ಎರಡು ಸಲ, ಪಕ್ಷಗಳನ್ನು ಬದಲಾಯಿಸಿಕೊಂಡು ಆಡಿ, ಯಾರು ಹೆಚ್ಚು ಚೆನ್ನಾಗಿ ಸೋತರೆಂದು ನೋಡುವುದು ಅನುಭವಸ್ಥರ ಪದ್ಧತಿ. ತೊಡಗುವುದಕ್ಕೆ ಮೊದಲು ಒಂದು ಹಾಳೆಯಲ್ಲಿ ಒಪ್ಪಂದವನ್ನು ಬರೆದುಕೊಳ್ಳಬೇಕು: ಒಂದು ಸರದಿಗೆ ಎಷ್ಟು ದಿನ ಗಡುವು, ಹಬ್ಬಹರಿದಿನಗಳಲ್ಲಿ ಏನು, ಸೋಲು ಖಚಿತವೆಂದು ಕಂಡಾಗ ಕೈಬಿಡಬಹುದೆ ಅಥವಾ ಕೊನೆಯವರೆಗೂ ಆಡಬೇಕೆ ಎಂದು. ಹುಡುಗನ ಪರೀಕ್ಷೆಯ ತಿಂಗಳಿನಲ್ಲಾಗಲಿ ತಾತನ ಕಣ್ಣಿನ ಪೊರೆ ತೆಗೆಸಿದ ವಾರಗಳಲ್ಲಾಗಲಿ ಸರದಿ ನಿಂತರೆ ಅದನ್ನು ಸೋಲೆಂದು ಬರೆದುಕೊಳ್ಳತಕ್ಕದ್ದಲ್ಲ. ದಂಡುಗಳು ಇದ್ದಲ್ಲಿಯೇ ಪಾಳೆಯ ಬಿಟ್ಟುಕೊಂಡಿರಲಿ.